ನೋಡದೆ ಬಿಟ್ಟ ಸಾಲು

ಸೂಜಿ ಚರ್ಮ ಮುಟ್ಟುವ ಮೊದಲೇ ಮೋಹನದಾಸ ಮುಖವನ್ನು ಕಿಟಕಿಯ ಕಡೆಗೆ ತಿರುಗಿಸಿಕೊಂಡ. ನಲವತ್ತಕ್ಕೆ ಒಂದು ಕಡಿಮೆ ವಯಸ್ಸಿನ ಗಂಡಸು, ಬ್ಯಾಂಕಿನಲ್ಲಿ ಎಂಟು ಮಂದಿಯ ಮೇಲೆ ಅಧಿಕಾರಿ, ಯೂನಿಯನ್ನಿನವರು ಬಾಗಿಲಿಗೆ ಅಡ್ಡ ನಿಂತು ಘೋಷಣೆ ಕೂಗುವಾಗ ಅವರ ನಡುವೆಯೇ ಕೊಡೆ ಆಡಿಸಿಕೊಂಡು ಒಳಗೆ ಹೋಗಿಬಿಡುವವನು, ಹೆಂಡತಿಯ ಕೈಯ ಒಂದು ಸೂಜಿಗೆ ಹೀಗೆ ಬೆವರುವುದನ್ನು ಕಂಡರೆ ಬೇರೆ ದಿನವಾದರೆ ಪ್ರಫುಲ್ಲಾಗೆ ನಗು ಬರುತ್ತಿತ್ತು. ಇವತ್ತು ಬರಲಿಲ್ಲ. ದೋಸೆಯ ತಟ್ಟೆಗಳನ್ನು ಒಂದು ಕಡೆ ಸರಿಸಿ, ಅವನ ತೋಳಿಗೆ ರಬ್ಬರಿನ ಪಟ್ಟಿ ಬಿಗಿದು, ಮೊಣಕೈಯ ಒಳಮಡಿಕೆಯಲ್ಲಿ ನರವನ್ನು ಬೆರಳಿನಿಂದ ತಡಕುತ್ತಿದ್ದಳು. "ಆಯ್ತಾ?" ಎಂದ ಅವನು. "ಇನ್ನೂ ಶುರುವೇ ಆಗ್ಲಿಲ್ಲ ಮಾರಾಯ್ರೇ. ಸ್ವಲ್ಪ ಸುಮ್ಮನೆ ಕೂತ್ಕೊಳ್ಳಿ." "ನಿಮ್ಮ ಲ್ಯಾಬಿಗೆ ನನ್ನ ರಕ್ತವೇ ಯಾಕೆ ಬೇಕಂತೆ? ಕಲ್ಕತ್ತೆಯಲ್ಲಿ ಬೇರೆ ಗಂಡಸರೇ ಇಲ್ವಾ?" "ಒಳ್ಳೆ ಆರೋಗ್ಯದವರದ್ದು ಬೇಕು ಅಂದಿದ್ದಾರೆ." ಸುಳ್ಳು ಸಲೀಸಾಗಿ ಬಂತು, ಅವನೂ ಸಲೀಸಾಗಿ ನಂಬಿದ, ಆರೋಗ್ಯದವ ಅನ್ನಿಸಿಕೊಂಡದ್ದಕ್ಕೆ ಅವನ ಮುಖದಲ್ಲಿ ಸ್ವಲ್ಪ ಜಂಬ ಕೂಡ ಬಂತು. ಒಂಬತ್ತು ವರ್ಷದ ಗೌರಿ ಶಾಲೆಯ ಚೀಲ ಹೆಗಲಿಗೇರಿಸಿಕೊಂಡು ನಿಂತು, "ಅಪ್ಪ ಭೀತು! ಅತ್ತೇ, ದೇಖೋ, ಅಪ್ಪ ಕಣ್ಣು ಕ್ಲೋಸ್ ಮಾಡಿದ್ರು!" ಎಂದು ಕುಣಿಯಿತು. ಪುಕ್ಕಲ ಅನ್ನುವುದಕ್ಕೆ ಆ ಮಗುವಿನ ಬಾಯಿಗೆ ಬಂಗಾಳಿಯ ಮಾತೇ ಮೊದಲು ಬರುತ್ತಿತ್ತು. ಒಳಕೋಣೆಯಿಂದ ಮುಕ್ತಾಳ ದನಿ, ಈಗೀಗ ಮೆತ್ತಗಾದ ದನಿ, "ಹೆದರ್ಬೇಡ ಅಣ್ಣ, ಇರುವೆ ಕಚ್ಚಿದ ಹಾಗೆ ಅಷ್ಟೆ" ಎಂದಿತು. ವಾರಕ್ಕೆ ಎರಡು ಸಲ ಕಬ್ಬಿಣದ ಕಡ್ಡಿಯಂಥ ಸೂಜಿಗಳನ್ನು ಚುಚ್ಚಿಸಿಕೊಳ್ಳುವವಳು ಹೇಳುವ ಸಮಾಧಾನ ಅದು. ಪ್ರಫುಲ್ಲಾ ಸಿರಿಂಜಿನ ದಂಡವನ್ನು ನಿಧಾನಕ್ಕೆ ಹಿಂದೆಳೆದಳು.

ಮುಕ್ತಾ ಮೋಹನದಾಸನ ತಂಗಿ. ಗೌರಿ ಹುಟ್ಟುವಾಗ ಪ್ರಫುಲ್ಲಾಗೆ ತಾಯಿ ಇರಲಿಲ್ಲ. ಬಾಣಂತನಕ್ಕೆಂದು ಕುಂದಾಪುರದಿಂದ ಬಸ್ಸು, ರೈಲು ಹತ್ತಿ ಮೂರು ದಿನ ಪ್ರಯಾಣ ಮಾಡಿ ಬಂದವಳು ಇಪ್ಪತ್ತೊಂದರ ಈ ಹುಡುಗಿ. ಬಾಣಂತಿಗೆ ಎಣ್ಣೆ ಹಚ್ಚಲಿಕ್ಕೆ, ಮಗುವನ್ನು ಕಾಲಮೇಲೆ ಮಲಗಿಸಿಕೊಂಡು ಮೀಯಿಸಲಿಕ್ಕೆ ಯಾರು ಕಲಿಸಿದ್ದರೋ, ಎಲ್ಲ ಬರುತ್ತಿತ್ತು. ಮೂರು ತಿಂಗಳಿಗೆಂದು ಬಂದವಳನ್ನು, ಮಗು ಸ್ವಲ್ಪ ದೊಡ್ಡದಾಗಲಿ, ಎಂದು ಉಳಿಸಿಕೊಂಡವಳು ಪ್ರಫುಲ್ಲಾ. ಉಳಿಸಿಕೊಂಡದ್ದರಿಂದ ಪ್ರಫುಲ್ಲಾ ಲ್ಯಾಬಿನ ಕೆಲಸಕ್ಕೆ ಮತ್ತೆ ಹೋಗುವಂತಾಯಿತು. ಊರಿಂದ ಎರಡು ಸಂಬಂಧ ಬಂದವು, ಎರಡಕ್ಕೂ ಇಲ್ಲಿಂದ ಯಾರೂ ಅವಸರ ತೋರಿಸಲಿಲ್ಲ, ಮೂರನೆಯದು ಬರಲಿಲ್ಲ. ಆಮೇಲೆ ಆಮೇಲೆ ಮಗು ಬಿದ್ದು ಮಂಡಿ ತರಚಿಕೊಂಡರೆ ಅತ್ತೇ ಎಂದು ಕೂಗತೊಡಗಿತು. ಅಮ್ಮ ಎದುರಿಗೇ ನಿಂತಿದ್ದರೂ. ಆಗ ಪ್ರಫುಲ್ಲಾಗೆ ಎದೆಯಲ್ಲಿ ಏನೋ ಮುರಿದ ಹಾಗಾಗುತ್ತಿತ್ತು. ಅಷ್ಟೇ ಬೇಗ ನಾಚಿಕೆಯೂ ಆಗುತ್ತಿತ್ತು. ಹೋದ ವರ್ಷ ದುರ್ಗಾಪೂಜೆಯ ಹೊತ್ತಿಗೆ ಮುಕ್ತಾಳ ಕಾಲು ಬಾತುಕೊಂಡಿತು, ಹೊಸ ಚಪ್ಪಲಿ ಹಿಡಿಸದೆ ಅಂಗಡಿಗೆ ವಾಪಸ್ಸು ಕೊಟ್ಟರು, ನಕ್ಕರು. ಡಿಸೆಂಬರಿಗೆ ಡಾಕ್ಟರು ಎರಡೂ ಕಿಡ್ನಿ ಹೋಗಿದೆ ಎಂದರು. ತಾಯಿತಂದೆ ಇಲ್ಲ. ಊರಲ್ಲಿದ್ದ ದೊಡ್ಡಣ್ಣ ಪುಂಡಲೀಕನಿಗೆ ಸಕ್ಕರೆ ಕಾಯಿಲೆ. ರಕ್ತಸಂಬಂಧದಲ್ಲಿ ಕಿಡ್ನಿ ಕೊಡಬಹುದಾದವನು ಎಂದು ಇದ್ದವನು ಮೋಹನದಾಸ ಒಬ್ಬನೇ, ಮತ್ತು ಅವನು ಒಂದು ಕ್ಷಣವೂ ತಡೆಯದೆ ಡಾಕ್ಟರ ಮುಂದೆ, "ನಾನು ಕೊಡ್ತೇನೆ" ಅಂದುಬಿಟ್ಟಿದ್ದ. ಆ ಕ್ಷಣ ಅವನ ಕುತ್ತಿಗೆಯ ಮೇಲೆ ಎದ್ದ ಬೆವರಿನ ಹನಿಗಳನ್ನು ನೋಡಿದವಳು ಪ್ರಫುಲ್ಲಾ ಮಾತ್ರ.

ರಕ್ತದ ನಳಿಗೆಯನ್ನು ಕರವಸ್ತ್ರದಲ್ಲಿ ಸುತ್ತಿ ಕೈಚೀಲದಲ್ಲಿಟ್ಟುಕೊಂಡು ಲೇಕ್ ಗಾರ್ಡನ್ಸ್ ಸ್ಟೇಷನ್ನಿನಲ್ಲಿ ಲೋಕಲ್ ಹತ್ತಿದಳು. ಹೆಂಗಸರ ಡಬ್ಬಿಯಲ್ಲಿ ಕಾಲಿಡಲು ಜಾಗವಿಲ್ಲ. ಚೀಲವನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿ ಹಿಡಿದು ನಿಂತವಳನ್ನು ಕಂಡು ತರಕಾರಿ ಬುಟ್ಟಿಯ ಹೆಂಗಸೊಬ್ಬಳು, "ಏನು ದಿದಿ, ಚೀಲದಲ್ಲಿ ಇಲಿಶ್ ಮೀನಾ?" ಎಂದು ಬಂಗಾಳಿಯಲ್ಲಿ ಕಿಚಾಯಿಸಿದಳು, ಸುತ್ತಲಿನವರು ನಕ್ಕರು. ಪ್ರಫುಲ್ಲಾ ನಗಲು ನೋಡಿದಳು. ಮೊನ್ನೆ ಗುರುವಾರ ಮುಕ್ತಾ ಹಾಸಿಗೆಯಲ್ಲಿ ಎದ್ದು ಕೂತು ಗೌರಿಯ ಫ್ರಾಕಿಗೆ ಗುಂಡಿ ಹೊಲಿಯುತ್ತಿದ್ದವಳು ತಲೆ ಎತ್ತದೆ ಕೇಳಿದ್ದಳು: "ಅತ್ತಿಗೆ, ಅವತ್ತು ಅಣ್ಣನದ್ದು ನನ್ನದ್ದು ಹೊಂದುದಿಲ್ಲ ಅಂತ ಟೆಸ್ಟ್ ಬಂತಲ್ಲ, ಅದು ನೀವೇ ನೋಡಿದ್ದಲ್ವಾ?" ಹೌದು ಎಂದಿದ್ದಳು ಪ್ರಫುಲ್ಲಾ. "ಹಾಗಾದ್ರೆ ಸರಿ. ಬೇರೆ ಯಾರಾದ್ರೂ ನೋಡಿದ್ದಾದ್ರೆ ತಪ್ಪಾಯ್ತೋ ಏನೋ ಅಂತ ತಲೆಯಲ್ಲಿ ಹುಳ ಕೊರೀತಿತ್ತು. ನೀವು ನೋಡಿದ್ದು ಅಂದ್ರೆ ನನಗೆ ಸಮಾಧಾನ." ಹೊಲಿದು ಮುಗಿಸಿ ದಾರವನ್ನು ಹಲ್ಲಿನಲ್ಲಿ ಕಡಿದಳು. ಇದಕ್ಕಿಂತ ಅವಳು ಬೈದಿದ್ದರೆ, ಅನುಮಾನಿಸಿದ್ದರೆ, ತಟ್ಟೆ ಎತ್ತಿ ಎಸೆದಿದ್ದರೆ ಚೆನ್ನಾಗಿತ್ತು. ಅವತ್ತಿನಿಂದ ಎರಡು ದಿನ ಪ್ರಫುಲ್ಲಾಗೆ ಅನ್ನ ಇಳಿಯಲಿಲ್ಲ. ಇವತ್ತು ಶನಿವಾರ. ಮಧ್ಯಾಹ್ನ ಎಲ್ಲರೂ ಹೋದ ಮೇಲೆ ಲ್ಯಾಬಿನಲ್ಲಿ ಒಬ್ಬಳೇ ಇದ್ದು ಆ ಟೆಸ್ಟನ್ನು ಇನ್ನೊಮ್ಮೆ ಮಾಡುತ್ತಾಳೆ. ಹೊಂದುತ್ತದೆ ಎಂದು ಬಂದರೆ ಸಂಜೆ ಆಸ್ಪತ್ರೆಗೆ ಹೋಗಿ, ಎಲ್ಲರ ಎದುರು, ಮೊದಲಿನ ಟೆಸ್ಟಿನಲ್ಲಿ ನಾನು ಮೋಸ ಮಾಡಿದೆ ಎಂದು ಹೇಳುತ್ತಾಳೆ. ಕೆಲಸ ಹೋಗಲಿ. ಗಂಡ ಆಪರೇಷನ್ ಮೇಜಿನ ಮೇಲೆ ಮಲಗಲಿ. ಮುಕ್ತಾ ಬದುಕಲಿ. ಚೀಲದ ಬಟ್ಟೆಯ ಮೂಲಕ ನಳಿಗೆಯ ಬಿಸುಪು ಕೈಗೆ ತಾಗುತ್ತಿದೆಯೆನ್ನಿಸಿತು. ಅದು ಇಷ್ಟು ಹೊತ್ತಿಗೆ ಆರಿರಬೇಕು, ತನ್ನ ಮೈಯದೇ ಬಿಸಿ ಇರಬೇಕು.

ಮೋಸ ಅಂದರೆ ಎಷ್ಟು ಸಣ್ಣದು! ಒಂದು ಸಾಲು ನೋಡದೆ ಬಿಟ್ಟದ್ದು, ಅಷ್ಟೇ. ಟೆಸ್ಟು ಕಷ್ಟದ್ದಲ್ಲ. ಕೊಡುವವನ ರಕ್ತದಿಂದ ಬಿಳಿಕಣಗಳನ್ನು, ಅಂದರೆ ಮೈಗೆ ಕಾವಲಿರುವ ಕೋಶಗಳನ್ನು, ಬೇರ್ಪಡಿಸಿ ತೆಗೆಯಬೇಕು. ಅಂಗೈಯಗಲದ ತಟ್ಟೆಯ ಸಣ್ಣ ಸಣ್ಣ ಗುಳಿಗಳಲ್ಲಿ ಅವನ್ನು ಪಡೆಯುವವಳ ರಕ್ತದ ತಿಳಿನೀರಿಗೆ, ಸೀರಮ್ಮಿಗೆ, ಬಿಡಬೇಕು. ಆಮೇಲೆ ಮೊಲದ ಸೀರಮ್ಮು ಒಂದೊಂದು ಹನಿ, ಕೊನೆಗೆ ನೀಲಿ ಬಣ್ಣ. ಅವಳ ರಕ್ತದಲ್ಲಿ ಇವನ ಮೇಲೆ ಹಗೆ ಇದ್ದರೆ ಕೋಶಗಳು ಸಾಯುತ್ತವೆ. ಸತ್ತವು ಬಣ್ಣ ಕುಡಿದು ನೀಲಿಯಾಗುತ್ತವೆ. ಹಗೆ ಇಲ್ಲದಿದ್ದರೆ ಬದುಕುತ್ತವೆ. ಬದುಕಿದವು ಬಣ್ಣವನ್ನು ಒಳಗೆ ಬಿಟ್ಟುಕೊಳ್ಳದೆ ಹೊಳೆಯುತ್ತಿರುತ್ತವೆ. ಕೋಶಗಳು ಬದುಕಿದರೆ ಮುಕ್ತಾಗೆ ಕಿಡ್ನಿ. ಸತ್ತರೆ ಇಲ್ಲ. ಎರಡನೆಯ ಸಾಲಿನ ಗುಳಿಗಳಲ್ಲಿ ಅದೇ ಕೋಶಗಳನ್ನು ಯಾರಿಗೂ ಹಗೆಯಲ್ಲದ ಬೇರೊಂದು ಸೀರಮ್ಮಿಗೆ ಬಿಟ್ಟಿರಬೇಕು. ಅದು ಕಂಟ್ರೋಲ್ ಸಾಲು. ಅಲ್ಲಿ ಬದುಕಿಯೇ ಇರಬೇಕು. ಅಲ್ಲೂ ಸತ್ತಿದ್ದರೆ ಕೊಂದದ್ದು ಹಗೆಯಲ್ಲ, ಕೆಲಸ ಮಾಡಿದವಳ ಕೈ ಎಂದು ಅರ್ಥ, ಟೆಸ್ಟು ದಂಡ, ಮೊದಲಿಂದ ಮಾಡಬೇಕು. ಬಣ್ಣ ಬಿಟ್ಟ ಹತ್ತು ನಿಮಿಷದೊಳಗೆ ನೋಡಿ ಎಣಿಸಬೇಕು. ಏಪ್ರಿಲ್ ತಿಂಗಳ ಆ ಮಧ್ಯಾಹ್ನ ಬಣ್ಣ ಬಿಟ್ಟು, ಮೈಕ್ರೋಸ್ಕೋಪಿನ ಕೆಳಗೆ ತಟ್ಟೆ ಇಟ್ಟಳು, ಕರೆಂಟು ಹೋಯಿತು. ಲೋಡ್ ಶೆಡ್ಡಿಂಗಿಗೆ ಹೊತ್ತುಗೊತ್ತು ಇಲ್ಲದ ಊರು. ಜನರೇಟರು ಫ್ರೀಜರುಗಳಿಗೆ ಮಾತ್ರ. ಸೆಕೆಯಲ್ಲಿ ಕತ್ತಲ ಕೋಣೆಯಲ್ಲಿ ಕೂತಳು, ನಲವತ್ತು ನಿಮಿಷ. ಆ ನಲವತ್ತು ನಿಮಿಷ ಅವಳು ದೇವರನ್ನು ಏನು ಬೇಡಿಕೊಂಡಳೆಂದು ಅವಳಿಗೆ ಚೆನ್ನಾಗಿ ಗೊತ್ತು. ಸಾಯಲಿ ಎಂದು ಬೇಡಿಕೊಂಡಳು. ಕೋಶಗಳು ಸಾಯಲಿ ಎಂದು. ಗಂಡನ ಬೆನ್ನಿನ ಪಕ್ಕಕ್ಕೆ ಕತ್ತಿ ತಾಗದಿರಲಿ, ಮಗುವಿಗೆ ಅಪ್ಪ ಇರಲಿ, ಅಷ್ಟೇ ತಾನು ಕೇಳುತ್ತಿರುವುದು ಎಂದು ತನಗೇ ಹೇಳಿಕೊಂಡಳು. ಕರೆಂಟು ಬಂದಾಗ ಮೊದಲ ಸಾಲು ನೋಡಿದಳು: ಎಲ್ಲ ನೀಲಿ. ಆಗ ಕೈ ತಟ್ಟೆಯನ್ನು ಎರಡನೆಯ ಸಾಲಿಗೆ ಸರಿಸಬೇಕಿತ್ತು. ಕೈ ಸರಿಸಲಿಲ್ಲ. ನಲವತ್ತು ನಿಮಿಷ ಬಣ್ಣದಲ್ಲಿ ಬಿದ್ದಿದ್ದ ಕೋಶ ಯಾವ ಸಾಲಿನಲ್ಲಿದ್ದರೂ ಸತ್ತಿರುತ್ತದೆ ಎಂದು ಹನ್ನೊಂದು ವರ್ಷ ಕೆಲಸ ಮಾಡಿದ ಆ ಕೈಗೆ ಗೊತ್ತಿತ್ತು. ರಿಜಿಸ್ಟರಿನಲ್ಲಿ ಮೊದಲ ಸಾಲಿಗೆ 'ಎಲ್ಲ ಸತ್ತಿವೆ' ಎಂದು ಬರೆದು, ಕಂಟ್ರೋಲಿನ ಮುಂದೆ ರೂಢಿಯಂತೆ 'ಸರಿ' ಎಂದು ಬರೆದಳು. ಲ್ಯಾಬಿನ ಮುಖ್ಯಸ್ಥ ಡಾಕ್ಟರ್ ಭಾದುಡಿ ಅದರ ಕೆಳಗೆ ಸಹಿ ಹಾಕಿ, ಕನ್ನಡಕ ತೆಗೆದು, "ನನಗೆ ಬಹಳ ಬೇಜಾರಾಯಿತು ಪ್ರಫುಲ್ಲಾ. ನಿಮ್ಮವರದ್ದನ್ನು ನಿಮ್ಮ ಕೈಯಲ್ಲೇ ಮಾಡಿಸಬಾರದಿತ್ತು. ಆದರೆ ನಿಮ್ಮಷ್ಟು ನಂಬಬಹುದಾದ ಕಣ್ಣು ಇಲ್ಲಿ ಬೇರೆ ಇಲ್ಲ" ಎಂದರು. ಆ ಮುದುಕನ ಕಣ್ಣು ಒದ್ದೆಯಾಗಿತ್ತು.

ಸುದ್ದಿ ಹೇಳಿದ ಸಂಜೆ ಮೋಹನದಾಸ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಬಹಳ ಹೊತ್ತು ಮುಖ ತೊಳೆದ. ಬಂದಾಗ ಕಣ್ಣು ಕೆಂಪಾಗಿತ್ತು. ಊಟಕ್ಕೆ ಕೂತವನು ಎರಡನೆಯ ಸಲ ಅನ್ನ ಹಾಕಿಸಿಕೊಂಡ. ಡಿಸೆಂಬರಿನಿಂದ ಅವನು ಎರಡನೆಯ ಸಲ ಅನ್ನ ಹಾಕಿಸಿಕೊಂಡದ್ದು ಅದೇ ಮೊದಲು. ಬಡಿಸುತ್ತಿದ್ದ ಪ್ರಫುಲ್ಲಾ ಅವನನ್ನು ನೋಡಿದಳು, ಅವನು ಇವಳನ್ನು ನೋಡಿದ, ಇಬ್ಬರೂ ಒಟ್ಟಿಗೆ ಕಣ್ಣು ಕೆಳಗೆ ಹಾಕಿದರು. ಹದಿಮೂರು ವರ್ಷದ ಸಂಸಾರದಲ್ಲಿ ಅಷ್ಟು ಹತ್ತಿರ ಅವರು ಯಾವತ್ತೂ ಬಂದಿರಲಿಲ್ಲ, ಅಷ್ಟು ಅಸಹ್ಯವಾಗಿಯೂ. ಒಳಗೆ ಮುಕ್ತಾ ಗೌರಿಗೆ ಮಗ್ಗಿ ಹೇಳಿಸುತ್ತಿದ್ದಳು. ಹದಿನೈದು ದಿನ ಕಳೆದ ಮೇಲೆ ಮುಕ್ತಾಗೆ ರಕ್ತ ತೀರ ಕಡಿಮೆಯಾಗಿದೆ, ಒಂದು ಬಾಟಲಿ ಕೊಡಬೇಕು ಎಂದರು ಆಸ್ಪತ್ರೆಯಲ್ಲಿ. ಕೇರಿಯ ಕ್ಲಬ್ಬಿನವರು, ಬ್ಯಾಂಕಿನ ಯೂನಿಯನ್ನಿನವರು ರಕ್ತ ಕೊಡಲು ಸಾಲು ನಿಲ್ಲುವ ಊರು ಇದು. ದಿನಾ ಮೋಹನದಾಸನ ಮುಖಕ್ಕೆ ಘೋಷಣೆ ಕೂಗುವ ಯೂನಿಯನ್ ಕಾರ್ಯದರ್ಶಿಯೇ ಬಂದು, "ದಾದಾ, ಎಷ್ಟು ಬಾಟಲಿ ಬೇಕು ಹೇಳಿ" ಎಂದಿದ್ದ. ಮೋಹನದಾಸ ಕೇಳಲಿಲ್ಲ. "ಕಿಡ್ನಿ ಅಂತೂ ಕೊಡ್ಲಿಕ್ಕೆ ಆಗ್ಲಿಲ್ಲ. ರಕ್ತ ಆದ್ರೂ ನನ್ನದೇ ಹೋಗ್ಲಿ ಅವಳಿಗೆ. ಗುಂಪು ಒಂದೇ ಉಂಟಲ್ಲ," ಎಂದು ಶರ್ಟಿನ ತೋಳು ಮಡಚುತ್ತಾ ಬಾಗಿಲಲ್ಲಿ ನಿಂತ. ಪ್ರಫುಲ್ಲಾ ಬೀಗದ ಕೈ ಹಿಡಿದು ನಿಂತಿದ್ದಳು. ಬೇಡ ಎನ್ನಬೇಕಿತ್ತು. ಯಾರ ಕಿಡ್ನಿ ಹೋಗಬಹುದೋ ಅವರ ರಕ್ತ ಮೊದಲೇ ಹೋಗಬಾರದು, ಹೋದರೆ ಪಡೆದವಳ ಮೈ ಅವರನ್ನು ಗುರುತು ಹಿಡಿದು ಹಗೆ ಕಟ್ಟಿಕೊಳ್ಳಬಹುದು ಎಂದು ಅವಳಿಗೆ ಗೊತ್ತಿತ್ತು. ಬೇಡ ಎಂದರೆ ಯಾಕೆ ಎಂದು ಕೇಳುತ್ತಿದ್ದ. ಯಾಕೆಂದರೆ ನಿಮ್ಮ ಕಿಡ್ನಿ ಇನ್ನೂ ಹೊಂದಬಹುದು ಎನ್ನಬೇಕಾಗುತ್ತಿತ್ತು. ಅವಳು ಸುಮ್ಮನೆ ಬೀಗ ಹಾಕಿದಳು. ಸೂಜಿಗೆ ಅಷ್ಟು ಹೆದರುವವನು ಅವತ್ತು ಪೂರ್ತಿ ಒಂದು ಬಾಟಲಿ ಕೊಟ್ಟು ಹೊರಗೆ ಬಂದಾಗ ಗೆದ್ದವನ ಹಾಗೆ ಇದ್ದ. ಇವಳು ರಸ್ತೆಯಲ್ಲಿ ಎಳನೀರು ಕೊಡಿಸಿದಳು. ತಂಗಿಯ ಕೆನ್ನೆಗೆ ಒಂದು ವಾರ ಬಣ್ಣ ಬಂದಿತ್ತು. ನನ್ನ ರಕ್ತ, ಎಂದು ಅವನು ಬಂದುಹೋದವರಿಗೆಲ್ಲ ತೋರಿಸಿದ.

ಲ್ಯಾಬಿನಲ್ಲಿ ಬೆಳಗಿನ ಕೆಲಸ ಇಲಿಮರಿಗಳದ್ದು. ಎದೆಗೂಡಿನೊಳಗೆ ಹೃದಯದ ಮೇಲೆ ಬಿಳಿ ಹತ್ತಿಯ ಎಸಳಿನಂತೆ ಕೂತ ಥೈಮಸ್ ಎಂಬ ಗ್ರಂಥಿಯನ್ನು ತೆಗೆದು, ಜರಡಿಯಲ್ಲಿ ಉಜ್ಜಿ, ಕೋಶಗಳನ್ನು ಎಣಿಸಿ ಕೊಡುವುದು. ಹೊಸದಾಗಿ ಸೇರಿದ ವಿದ್ಯಾರ್ಥಿನಿಗೆ ಭಾದುಡಿ ಪಾಠ ಮಾಡುತ್ತಿದ್ದರು. ಪಾಠ ಮಾಡುವಾಗ ಅವರಿಗೆ ವಯಸ್ಸೇ ಆಗುವುದಿಲ್ಲ. ಮೈಯ ಕಾವಲಿನ ಕೋಶಗಳು ಬೆಳೆಯುವುದು ಇಲ್ಲಿ. ನೂರು ಹುಟ್ಟಿದರೆ ತೊಂಬತ್ತೈದು ಇಲ್ಲೇ ಸಾಯುತ್ತವೆ, ಹೊರಗಿನ ಬೆಳಕು ಕಾಣುವುದಿಲ್ಲ. ತನ್ನವರ ಮೇಲೆಯೇ ಕೈ ಎತ್ತುವಂಥವನ್ನು ಸಾಯಿಸಿಬಿಡಲಾಗುತ್ತದೆ. ಆದರೆ ಹೆಚ್ಚಿನವು ಸಾಯುವುದು ಅದಕ್ಕಲ್ಲ. "ಮತ್ತೆ ಯಾಕೆ ಸರ್?" "ಯಾರೂ ಕೊಲ್ಲುವುದಿಲ್ಲ ಅವನ್ನು. ನೀನು ಬೇಕು, ಬದುಕು ಎಂದು ಯಾರಾದರೂ ಒಂದು ಸಲ ಮುಟ್ಟಿ ಹೇಳಬೇಕು. ಯಾರೂ ಹೇಳುವುದಿಲ್ಲ. ಕಾಯುತ್ತವೆ, ಮೂರು ದಿನ, ನಾಲ್ಕು ದಿನ. ಆಮೇಲೆ ತಾವಾಗಿಯೇ ಸಾಯುತ್ತವೆ, ಗಲಾಟೆ ಇಲ್ಲದೆ." ಹುಡುಗಿ ಬರೆದುಕೊಂಡಳು. ಎಣಿಕೆಯ ಯಂತ್ರವನ್ನು ಟಿಕ್ ಟಿಕ್ ಒತ್ತುತ್ತಿದ್ದ ಪ್ರಫುಲ್ಲಾಗೆ ಲೆಕ್ಕ ತಪ್ಪಿತು, ಮೊದಲಿಂದ ಶುರುಮಾಡಿದಳು. ಈ ಪಾಠವನ್ನು ಹನ್ನೊಂದು ವರ್ಷದಲ್ಲಿ ಹನ್ನೊಂದು ಸಲ ಕೇಳಿದ್ದಾಳೆ, ಇವತ್ತು ಮಾತ್ರ ಇಪ್ಪತ್ತೈದರ ಒಂದು ಹುಡುಗಿ, ಸಂಬಂಧದ ಕಾಗದ ಬಂದಾಗ ಅಡುಗೆಮನೆಯ ಬಾಗಿಲಲ್ಲಿ ನಿಂತು ಅಣ್ಣ ಅತ್ತಿಗೆಯರ ಮುಖ ನೋಡುತ್ತಿದ್ದದ್ದು ನೆನಪಾಯಿತು. ಇಬ್ಬರೂ ಅವತ್ತು ಗೌರಿಗೆ ಯಾವ ಶಾಲೆ ಎಂಬ ಮಾತಿನಲ್ಲಿದ್ದರು. ಮುಕ್ತಾ ಸ್ವಲ್ಪ ಹೊತ್ತು ನಿಂತು ಒಳಗೆ ಹೋಗಿ ಒಗ್ಗರಣೆ ಹಾಕಿದಳು. ಅಯ್ಯೋ, ಆ ಸಾಸಿವೆ ಸಿಡಿದ ಸದ್ದು ಕೂಡ ಕೇಳಿತ್ತಲ್ಲ ನನಗೆ, ಎಂದುಕೊಂಡಳು ಪ್ರಫುಲ್ಲಾ.

ಒಂದೂವರೆಗೆ ಭಾದುಡಿ ಕೊಡೆ ಹಿಡಿದು ಹೊರಟರು, ಹುಡುಗಿಯೂ ಹೋದಳು. ಮುಕ್ತಾಳ ಈ ತಿಂಗಳ ಸೀರಮ್ಮು ನಿನ್ನೆಯೇ ಆಸ್ಪತ್ರೆಯಿಂದ ಬಂದಿತ್ತು. ಎಲ್ಲಾದರೂ ಬೇರೆ ಯಾರಾದರೂ ಕೊಡುವವರು ಸಿಕ್ಕರೆ ಎಂದು ಪ್ರತಿ ತಿಂಗಳೂ ಒಂದು ನಳಿಗೆ ಕಳಿಸುವುದು ಆಸ್ಪತ್ರೆಯವರ ಪದ್ಧತಿ. ಪ್ರಫುಲ್ಲಾ ಗಂಡನ ರಕ್ತವನ್ನು ದ್ರಾವಣದ ಮೇಲೆ ಪದರವಾಗಿ ನಿಲ್ಲಿಸಿ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದಳು. ಕೆಂಪು ತಳಕ್ಕೆ ಇಳಿಯಿತು, ನಡುವೆ ಮಂಜಿನಂಥ ಬಿಳಿ ಉಂಗುರ ನಿಂತಿತು. ಅದನ್ನು ಹೀರಿ ತೆಗೆದು ಮೂರು ಸಲ ತೊಳೆದಳು. ಕೈ ನಡುಗಲಿಲ್ಲ, ಕೆಲಸದಲ್ಲಿ ಅವಳ ಕೈ ಯಾವತ್ತೂ ನಡುಗುವುದಿಲ್ಲ, ಅದೇ ಅವಳ ಹೆಮ್ಮೆ, ಅದೇ ಈಗ ಅವಳಿಗೆ ಹೇಸಿಗೆ. ಗುಳಿಗೊಂದು ಹನಿ. ಕಾಯುವುದು. ಮೊಲದ ಸೀರಮ್ಮು. ಒಂದು ಗಂಟೆ ಕಾಯುವುದು. ಹೊರಗೆ ರಸ್ತೆಯಲ್ಲಿ ಪಾತಾಳರೈಲಿಗೆಂದು ಮಣ್ಣು ಅಗೆಯುವ ಸದ್ದು, ಅದರ ಮೇಲೆ ಯಾವುದೋ ಮೆರವಣಿಗೆಯ ಧ್ವನಿವರ್ಧಕ. ಕರೆಂಟು ಹೋಗದಿರಲಿ ಎಂದು ಬೇಡಿಕೊಂಡಳು. ಬದುಕಲಿ, ಬದುಕಲಿ ಎಂದು ಬೇಡಿಕೊಂಡಳು. ಏಪ್ರಿಲಿನಲ್ಲಿ ಬೇಡಿಕೊಂಡ ಅದೇ ದೇವರನ್ನು, ಅದೇ ಕುರ್ಚಿಯಲ್ಲಿ ಕೂತು. ಬಣ್ಣ ಬಿಟ್ಟಳು. ಮೊದಲು ಕಂಟ್ರೋಲ್ ಸಾಲನ್ನೇ ನೋಡಿದಳು: ಎಲ್ಲ ಬದುಕಿವೆ, ದುಂಡಗೆ, ಫಳಫಳ. ಕೈ ಸರಿಯಾಗಿದೆ, ಕೆಲಸ ಸರಿಯಾಗಿದೆ. ತಟ್ಟೆ ಸರಿಸಿದಳು. ಮುಕ್ತಾಳ ಸಾಲಿನಲ್ಲಿ ಎಲ್ಲ ನೀಲಿ. ಮೊದಲನೆಯ ಗುಳಿ, ಎರಡನೆಯದು, ಮೂರನೆಯದು, ಒಂದಾದರೂ ಹೊಳೆಯುತ್ತದೆಯೇ ಎಂದು ಹುಡುಕಿದಳು. ಇಲ್ಲ.

ಆಗ ಅವಳ ಮೈಯಲ್ಲಿ ಹರಿದದ್ದು ಸಂತೋಷ. ಇದನ್ನು ಅವಳು ಆಮೇಲೆ ಎಷ್ಟು ಸಲ ಅಲ್ಲಗಳೆಯಲು ನೋಡಿದರೂ ಆಗಲಿಲ್ಲ. ಹಾಗಾದರೆ ತಾನು ಬರೆದದ್ದು ಸುಳ್ಳಲ್ಲ! ನೋಡದೆ ಬರೆದರೂ ಸರಿಯಾದದ್ದನ್ನೇ ಬರೆದಿದ್ದೆ, ಮುಕ್ತಾಳ ಮೈಗೆ ಅಣ್ಣ ಹೊಂದುವುದೇ ಇಲ್ಲ, ಹೊಂದುತ್ತಲೂ ಇರಲಿಲ್ಲ, ಎರಡೂವರೆ ತಿಂಗಳು ಸುಮ್ಮನೆ ಬೆಂದೆ. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತಳೋ ನಕ್ಕಳೋ, ಕೊಡೆಯೇ ಇಲ್ಲದೆ ಸಂಜೆ ಮಳೆಯಲ್ಲಿ ನಡೆದುಹೋಗುತ್ತೇನೆ, ಗೌರಿಗೆ ಸಂದೇಶ್ ಮಿಠಾಯಿ ತೆಗೆದುಕೊಂಡು ಹೋಗುತ್ತೇನೆ ಎಂದೆಲ್ಲ ಅನ್ನಿಸಿತು. ತಟ್ಟೆ ತೊಳೆಯಲು ಎದ್ದಳು. ನಲ್ಲಿ ತಿರುಗಿಸಿದಳು. ನೀರು ಬೀಳುವ ಸದ್ದಿನಲ್ಲಿ ಶರ್ಟಿನ ತೋಳು ಮಡಚುತ್ತಾ ಬಾಗಿಲಲ್ಲಿ ನಿಂತ ಮೋಹನದಾಸ ಕಣ್ಣ ಮುಂದೆ ಬಂದ. ಆ ಬಾಟಲಿ. ಒಂದು ಪೂರ್ತಿ ಬಾಟಲಿ ಅಣ್ಣ ತಂಗಿಯ ಮೈಯೊಳಗೆ ಹೋಗಿದೆ. ಈಗ ಕೊಂದದ್ದು ಮೊದಲಿಂದ ಇದ್ದ ಹಗೆಯೋ, ಆ ಬಾಟಲಿಯಿಂದ ಹುಟ್ಟಿದ ಹಗೆಯೋ? ನಲ್ಲಿ ಮುಚ್ಚಿದಳು. ಇದನ್ನು ತಿಳಿಯಲು ದಾರಿ ಒಂದೇ: ರಕ್ತ ಹೋಗುವ ಮೊದಲಿನ ಸೀರಮ್ಮು. ಏಪ್ರಿಲಿನ ನಳಿಗೆ ಫ್ರೀಜರಿನಲ್ಲಿ ಇತ್ತು, ಅವಳದೇ ಅಕ್ಷರದಲ್ಲಿ ಮುಕ್ತಾಳ ಹೆಸರು ಬರೆದದ್ದು, ತಳದಲ್ಲಿ ನಾಲ್ಕೈದು ಹನಿ. ತೆಗೆದು ಕೈಯಲ್ಲಿ ಹಿಡಿದಳು. ಮೋರಿಗೆ ಸುರಿದುಬಿಡಬಹುದು. ಜಗತ್ತಿನಲ್ಲಿ ಯಾರೂ ಕೇಳುವುದಿಲ್ಲ. ಮುಕ್ತಾ ಅಂತೂ ಕೇಳುವುದೇ ಇಲ್ಲ. ಅಂಗೈಯ ಬಿಸಿಗೆ ಮಂಜು ಕರಗಿ ನಳಿಗೆಯೊಳಗೆ ತಿಳಿ ಬಣ್ಣದ ನೀರಾಯಿತು. ಉಳಿದ ಕೋಶಗಳಿಗೆ ಅದನ್ನು ಬಿಟ್ಟಳು. ಮತ್ತೆ ಕಾಯುವುದು. ಮೊಲದ ಸೀರಮ್ಮು. ಮತ್ತೆ ಒಂದು ಗಂಟೆ. ಮೆರವಣಿಗೆ ಹೋಗಿತ್ತು, ಅಗೆಯುವವರೂ ಮನೆಗೆ ಹೋಗಿದ್ದರು. ಬಣ್ಣ ಬಿಟ್ಟು ಕಣ್ಣು ಇಟ್ಟಳು. ಎಲ್ಲ ಬದುಕಿದ್ದವು. ಒಂದೂ ಸತ್ತಿರಲಿಲ್ಲ. ಮುಕ್ತಾಳ ಏಪ್ರಿಲಿನ ರಕ್ತದಲ್ಲಿ ಅವಳ ಅಣ್ಣನ ಕೋಶಗಳು ತೊಂದರೆಯಿಲ್ಲದೆ, ಮನೆಯವರ ಹಾಗೆ ಕೂತಿದ್ದವು. ಪ್ರಫುಲ್ಲಾ ಎಣಿಸಲಿಲ್ಲ. ತನ್ನ ಬಾಯಿಂದ ಒಂದು ಸದ್ದು ಬಂದದ್ದು ಕೇಳಿ ಅವಳಿಗೇ ಹೆದರಿಕೆಯಾಯಿತು.

ಆಸ್ಪತ್ರೆಗೆ ಹೋದಾಗ ಏಳು ಗಂಟೆ. ಡಯಾಲಿಸಿಸ್ ಕೋಣೆಯಲ್ಲಿ ಯಂತ್ರ ಗರಗರ ತಿರುಗುತ್ತಿತ್ತು, ಮುಕ್ತಾಳ ರಕ್ತ ಕೊಳವೆಯಲ್ಲಿ ಹೊರಗೆ ಬಂದು ಒಳಗೆ ಹೋಗುತ್ತಿತ್ತು. ಮೋಹನದಾಸ ಸ್ಟೂಲಿನಿಂದ ಎದ್ದು, "ಸ್ವಲ್ಪ ಕೂತ್ಕೋ. ನಾನು ಚಾ ತರ್ತೇನೆ. ಎಂತ ನಿನ್ನ ಮುಖ ಹೀಗುಂಟು?" ಎಂದು ಹೊರಗೆ ಹೋದ. ಪ್ರಫುಲ್ಲಾ ಕೂತಳು. ದಾರಿಯುದ್ದಕ್ಕೂ, ಹೇಳಬಾರದು ಎಂದು ಒಂದು ಸಲ, ಹೇಳಲೇಬೇಕು ಎಂದು ಒಂದು ಸಲ ಅಂದುಕೊಂಡು ಬಂದಿದ್ದಳು. ಮುಕ್ತಾ ಕಣ್ಣು ತೆರೆದು, "ಮಳೆಯಲ್ಲಿ ನೆಂದ್ರಾ ಅತ್ತಿಗೆ? ತಲೆ ಒರೆಸಿಕೊಳ್ಳಿ, ಶೀತ ಆಗ್ತದೆ," ಎಂದಳು. ಅಷ್ಟೇ ಸಾಕಾಯಿತು. ಪ್ರಫುಲ್ಲಾ ಹೇಳಿಬಿಟ್ಟಳು. ಕರೆಂಟು ಹೋದದ್ದು, ಸಾಲು ನೋಡದೆ ಬರೆದದ್ದು, ಅಣ್ಣನ ರಕ್ತ ಹೋಗುವಾಗ ಸುಮ್ಮನಿದ್ದದ್ದು, ಇವತ್ತು ಕಂಡದ್ದು. "ಆಗ ಹೊಂದುತ್ತಿತ್ತು ಮುಕ್ತಾ. ಈಗ ಇಲ್ಲ. ನಾನೇ ಹಾಳು ಮಾಡಿದೆ." ಹೇಳುತ್ತಾ ಹೇಳುತ್ತಾ ಎದೆ ಹಗುರಾಗುತ್ತಾ ಬಂತು, ಹಗುರಾಗುತ್ತಿರುವುದು ತಿಳಿದು ಮಾತು ನಿಂತಿತು.

ಮುಕ್ತಾ ಚಾವಣಿ ನೋಡುತ್ತಿದ್ದಳು. "ಅಣ್ಣನಿಗೆ ಗೊತ್ತುಂಟಾ?" ಎಂದಳು. "ಇಲ್ಲ." "ಹೇಳ್ಬೇಡಿ. ತನ್ನ ರಕ್ತದಿಂದಲೇ ಹೀಗಾಯ್ತು ಅಂತ ಗೊತ್ತಾದ್ರೆ ಅವ ಉಳಿಯುದಿಲ್ಲ." "ನನ್ನನ್ನು ಏನು ಬೇಕಾದ್ರೂ ಅನ್ನು ಮುಕ್ತಾ," ಎಂದು ಪ್ರಫುಲ್ಲಾ ಅವಳ ಸೂಜಿ ಇಲ್ಲದ ಕೈಯನ್ನು ಹಿಡಿಯಹೋದಳು. ಮುಕ್ತಾ ಕೈಯನ್ನು ಹೊದಿಕೆಯೊಳಗೆ ಎಳೆದುಕೊಂಡಳು. ಒರಟಾಗಿ ಅಲ್ಲ, ಮೆಲ್ಲಗೆ. "ನನಗೆ ಯಾಕೆ ಹೇಳಿದ್ರಿ ಅತ್ತಿಗೆ?" ಎಂದಳು. "ನನ್ನ ರಕ್ತವೇ ಹಾಗೆ, ಯಾರೂ ಎಂತ ಮಾಡ್ಲಿಕ್ಕೂ ಆಗುದಿಲ್ಲ ಅಂತ ಒಪ್ಪಿಕೊಂಡಿದ್ದೆ. ಎಷ್ಟು ಕಷ್ಟಪಟ್ಟು ಒಪ್ಪಿಕೊಂಡಿದ್ದೆ ಗೊತ್ತುಂಟಾ ನಿಮಗೆ? ದಿನಾ ಬೆಳಿಗ್ಗೆ ಎದ್ದು ಒಪ್ಪಿಕೊಳ್ಬೇಕಿತ್ತು. ಈಗ ಅದನ್ನೂ ತೆಗೆದ್ರಿ. ಇನ್ನು ಉಳಿದ ದಿನ ನಾನು ಎಂತ ಹೇಳ್ಕೊಂಡು ಮಲಗುದು?" ಅವಳ ಕಣ್ಣಿನಿಂದ ನೀರು ಕಿವಿಯ ಕಡೆಗೆ ಇಳಿಯಿತು, ಒರೆಸಿಕೊಳ್ಳಲು ಒಂದು ಕೈಗೆ ಸೂಜಿ, ಇನ್ನೊಂದು ಕೈಯನ್ನು ಹೊರಗೆ ತೆಗೆಯಲು ಅವಳಿಗೆ ಮನಸ್ಸಿರಲಿಲ್ಲ. ಒರೆಸಲು ಪ್ರಫುಲ್ಲಾಗೆ ಧೈರ್ಯ ಬರಲಿಲ್ಲ.

ಮೋಹನದಾಸ ಮಣ್ಣಿನ ಕುಡಿಕೆಗಳಲ್ಲಿ ಚಾ ಹಿಡಿದು ಬಂದ, ಬೆರಳು ಸುಟ್ಟುಕೊಂಡು ಕೈ ಬದಲಾಯಿಸುತ್ತಾ. "ಎಂತ, ಅತ್ತಿಗೆ ನಾದಿನಿ ಗುಟ್ಟು ಮಾತಾಡ್ತಿದ್ದೀರಿ? ಅಳುದು ಯಾಕೆ ಮಾರಾಯ್ತಿ, ನೋವಾಗ್ತದಾ?" "ಸೂಜಿ ಸ್ವಲ್ಪ ಎಳೀತಿತ್ತು ಅಣ್ಣ, ಈಗ ಸರಿ ಆಯ್ತು." ಮುಕ್ತಾ ಅವನಿಗೆ ನಕ್ಕಳು, ಹೊದಿಕೆಯಿಂದ ಕೈ ತೆಗೆದು ಅವನ ಶರ್ಟಿನ ಅಂಚನ್ನು ಹಿಡಿದುಕೊಂಡಳು. "ಗೌರಿ ವಿಷಯ ಹೇಳ್ತಿದ್ದೆ. ತಲೆ ಬಾಚುವಾಗ ಎಡಗಡೆ ಸಿಕ್ಕು ಜಾಸ್ತಿ, ಬುಡದಲ್ಲಿ ಹಿಡ್ಕೊಂಡು ಬಾಚ್ಬೇಕು, ಇಲ್ಲದಿದ್ರೆ ಅಳ್ತದೆ. ಅತ್ತಿಗೆಗೆ ಅದೆಲ್ಲ ಗೊತ್ತಿಲ್ಲ. ಇನ್ನು ಕಲಿತ್ಕೊಳ್ಬೇಕು ಅಂತ ಹೇಳ್ತಿದ್ದೆ."

"ಹೌದು," ಎಂದಳು ಪ್ರಫುಲ್ಲಾ. "ಹೇಳ್ತಿದ್ದಳು."